ಎಂಜಿನ್ ಮಾರಲು ಹೊರಟ ದಿನ

ಹುಣಸೂರಿನ ಹತ್ತಿರದ ನಮ್ಮ ಶುಂಠಿ ಹೊಲದ ಬಾವಿಗೆ ಸೋಲಾರ್ ಪಂಪು ಹಾಕಿಸಿದ ಬೇಸಿಗೆಯಲ್ಲಿ ಹಳೆಯ ಡೀಸೆಲ್ ಎಂಜಿನ್ನಿಗೆ ಕೆಲಸವೇ ಇಲ್ಲದಾಯಿತು. ಅದರ ಹೊಗೆಗೆ ವರ್ಷಗಟ್ಟಲೆ ಕೆಮ್ಮಿದ್ದ ನನ್ನ ಹೆಂಡತಿಗೆ ಅದು ತೊಲಗಿದರೆ ಸಾಕಾಗಿತ್ತು. ಕೆ.ಆರ್. ನಗರದವರೊಬ್ಬರು ಕೊಳ್ಳಲು ಒಪ್ಪಿದರು.

ಅವರು ಟೆಂಪೊ ತರುವ ಹೊತ್ತಿಗೆ ಮುಂಗಾರಿನ ಮೋಡ ಕವಿದು ವಾರವಾಗಿತ್ತು. ಮಳೆ ಮಾತ್ರ ಬಿದ್ದಿರಲಿಲ್ಲ. ಬಿಸಿಲಿಲ್ಲದೆ ಸೋಲಾರ್ ಪಂಪಿನಿಂದ ನೀರು ಬೆರಳುಗಾತ್ರವಷ್ಟೇ ಬರುತ್ತಿತ್ತು. ಶುಂಠಿಯ ಎಲೆಗಳು ಸುರುಳಿ ಸುತ್ತತೊಡಗಿದ್ದವು. ಎಂಜಿನ್ ಟೆಂಪೊ ಏರಿದ ಮೇಲೆ ನಾನು, "ಒಸಿ ತಡೀರಿ, ಇಳಿಸ್ಬುಡಿ" ಎಂದೆ.

"ಏನ್ರೀ ಇದು, ಕೊಡ್ತೀನಿ ಅಂತ ಕರೆಸ್ಕಂಡು!" ಎಂದು ಅವರು ರೇಗಿದರು.

"ನಾಳೆ ಬಿಸ್ಲು ಬತ್ತದೆ ಕಣ್ರೀ, ಅದು ಓಗ್ಲಿ ಬುಡಿ" ಎಂದಳು ಹೆಂಡತಿ.

"ನಾಳೆನೂ ಬರ್ದಿದ್ರೆ?" ಎಂದೆ.

ಎಂಜಿನ್ ಇಳಿಸಿಕೊಂಡು, ಕೊಳ್ಳಲು ಬಂದವರನ್ನು ಖಾಲಿ ಟೆಂಪೊದಲ್ಲಿ ಕಳಿಸಿ, ಸಂಜೆಯವರೆಗೆ ಅದನ್ನು ಓಡಿಸಿದೆ. ಮೂಗಿಗೆ ಸೆರಗು ಹಿಡಿದು ಅವಳೇ ಸಾಲುಗಳಿಗೆ ನೀರು ತಿರುಗಿಸಿದಳು.

ಮರುದಿನ ಸುಡುಬಿಸಿಲು. ಸೋಲಾರ್ ಪಂಪು ಭೋರೆಂದು ನೀರು ಸುರಿಯಿತು. ಅವಳು ಹಂಗಿಸುತ್ತಾಳೆಂದು ಕಾದೆ.

"ನೆನ್ನೆ ನೀರು ಬುಟ್ಟಿದ್ದು ಒಳ್ಳೇದಾಯ್ತೋ ಏನೋ, ನಂಗೂ ಗೊತ್ತಾಯ್ತಿಲ್ಲ" ಎಂದಳಷ್ಟೇ.

ಪಿರಿಯಾಪಟ್ಟಣದ ನೆಂಟರೊಬ್ಬರು ಈಗ ಸೋಲಾರ್ ಹಾಕಿಸಲೇ ಎಂದು ಕೇಳುತ್ತಾರೆ. ಹಾಕಿಸಿ ಎನ್ನುತ್ತೇನೆ. ಎಂಜಿನ್ ಮಾರಿಬಿಡಲೇ ಎಂದರೆ ತಡವರಿಸುತ್ತೇನೆ. ದೇಶವೇ ಡೀಸೆಲ್ ಬಿಡಬೇಕೆಂದು ಟಿವಿಯಲ್ಲಿ ಹೇಳುವುದು ನನಗೂ ಸರಿಯೆನಿಸುತ್ತದೆ. ಅಂಥ ಮೋಡದ ವಾರದಲ್ಲಿ ದೇಶ ಏನು ಮಾಡುತ್ತದೆ ಎಂದು ಕೇಳೋಣವೆಂದರೆ, ಯಾರನ್ನು ಕೇಳಬೇಕೋ ತಿಳಿಯುವುದಿಲ್ಲ.