ಒಳಕೋಣೆಯ ಪೇಟಿ, ಹೊರಗಿನ ಬಾಕ್ಸು

ಆಂಪ್ಲಿಫೈಯರ್ ಆರಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಗುಂಡಿಯನ್ನು ತಿರುಗಿಸಿ ಸೊನ್ನೆಗೆ ತರಬೇಕು, ಆಮೇಲೆ ಸ್ವಿಚ್ಚು. ಅವಸರ ಮಾಡಿ ನೇರವಾಗಿ ಸ್ವಿಚ್ ಒತ್ತಿದರೆ ಹೊರಗಿನ ಬಾಕ್ಸು ಧಪ್ ಎಂದು ಒದರುತ್ತದೆ, ಯಾರೋ ಎದೆಗೆ ಗುದ್ದಿದ ಹಾಗೆ. ಇದನ್ನು ನನ್ನ ಮೈದುನನಿಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಅವನು ಹೂಂ ಎನ್ನುತ್ತಿದ್ದ, ಮರೆಯುತ್ತಿದ್ದ. ಹೆಂಗಸು ಹೇಳಿದ್ದನ್ನು ನೆನಪಿಡುವ ಚಾಳಿ ನಮ್ಮ ಮನೆಯ ಗಂಡಸರಿಗೆ ಇರಲಿಲ್ಲ.

ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಸೇಡಂನಲ್ಲಿ ನನ್ನ ಅಪ್ಪ ಅದನ್ನು ಬಾರಿಸುತ್ತಿದ್ದ. ಗಂಡುಮಕ್ಕಳಿಗೆ ಕಲಿಸಲು ಕೂಡಿಸಿಕೊಂಡರೆ ಅವರು ಎದ್ದು ಓಡುತ್ತಿದ್ದರು, ಕರೆಯದೆ ಬಂದು ಕೂತ ನನಗೆ ವಿದ್ಯೆ ಹತ್ತಿತು. ಮದುವೆಯಾಗಿ ವಾಡಿಗೆ ಹೊರಟಾಗ ಅಪ್ಪ ತನ್ನ ಪೇಟಿಯನ್ನೇ ಕೌದಿಯಲ್ಲಿ ಸುತ್ತಿ ರೈಲಿಗೆ ಏರಿಸಿಕೊಟ್ಟ. ನನ್ನ ಗಂಡನ ಮನೆಯಲ್ಲಿಯೂ ಒಂದು ಪೇಟಿ ಇತ್ತು. ಗಂಡ ಅದನ್ನು ಅಲ್ಲಿಯ ಭಜನಾ ಮಂಡಳಿಯಲ್ಲಿ ಬಾರಿಸುತ್ತಿದ್ದರು. ಒಂದು ಮನೆಗೆ ಎರಡು ಪೇಟಿ ಯಾಕೆ ಎಂದು ಅತ್ತೆ ಮೂಗು ಮುರಿದರು. ಯಾಕೆ ಎಂಬುದು ಎರಡೇ ವರ್ಷದಲ್ಲಿ ತಿಳಿಯಿತು.

ಗಂಡ ಫರ್ಸಿಕಲ್ಲು ತುಂಬುವ ಹಮಾಲರ ಮುಕಾದಮರಾಗಿದ್ದರು. ಒಂದು ದಿನ ವ್ಯಾಗನ್ನಿಗೆ ಏರಿಸುತ್ತಿದ್ದ ಹಾಸುಗಲ್ಲು ಜಾರಿ ಅವರ ಬಲಗೈ ಮೇಲೆ ಬಿತ್ತು. ಎರಡು ಬೆರಳು ಹೋದವು, ಮೂರನೆಯದು ಇದ್ದೂ ಇಲ್ಲದಂತಾಯಿತು. ಕೆಲಸ ಉಳಿಯಿತು, ಕೂಗಿ ಕೆಲಸ ಮಾಡಿಸುವ ಮುಕಾದಮನಿಗೆ ಬಾಯಿ ಇದ್ದರೆ ಸಾಕು. ಆದರೆ ಸೋಮವಾರದ ಭಜನೆಗೆ ಅವರು ಹೋಗದೆ ಗೋಡೆ ಕಡೆ ಮುಖ ಮಾಡಿ ಮಲಗಿದರು. ಅವರ ಮೇಲೆ ನನಗೆ ಜೀವವಿತ್ತು. ಮುಂದೆ ಬರೆಯುವುದನ್ನೆಲ್ಲ ಓದುವಾಗ ಇದನ್ನು ಮರೆಯಬಾರದು.

ಅದೇ ಹೊತ್ತಿಗೆ ಮಂಡಳಿಗೆ ಆಂಪ್ಲಿಫೈಯರ್ ಬಂತು. ಹದಿನೈದು ಗಂಡಸರ ಗಂಟಲು, ಎರಡು ಜೋಡಿ ತಾಳ, ಒಂದು ಢೋಲಕು, ಇವುಗಳ ನಡುವೆ ಪೇಟಿಯ ಸ್ವರ ಕೇಳುವುದೇ ಇಲ್ಲ ಎಂದು ಪೇಟಿಗಾಗಿಯೇ ತರಿಸಿದ್ದು. ಕಬ್ಬಿಣದ ಮೈಯ ಆಂಪ್ಲಿಫೈಯರು, ಒಂದು ಮೈಕು, ಮೊಣಕಾಲೆತ್ತರದ ಮರದ ಬಾಕ್ಸು. ವಸ್ತು ಬಂತು, ಬಾರಿಸುವ ಕೈ ಇರಲಿಲ್ಲ. ಮಂಡಳಿಯ ಹಿರಿಯರು ನಮ್ಮ ಮನೆಗೆ ಬಂದು ಕೂತರು. ನಾನು ಬಾರಿಸುತ್ತೇನೆಂಬುದು ಓಣಿಗೆಲ್ಲ ಗೊತ್ತಿತ್ತು.

"ನಿಮ್ಮ ಸೊಸಿ ಭಾಳ ಛಲೋ ಬಾರಿಸ್ತಾಳಂತ ಕೇಳೀನಿ" ಎಂದರು ಅತ್ತೆಗೆ.

"ಹತ್ತು ಮಂದ್ಯಾಗ ನನ್ನ ಸೊಸಿ ಗಂಡಸರ ಸಾಲಿಗಿ ಕುಂದ್ರೂದಾ? ನನ್ನ ಜೀವಾ ಇರೋತನಕ ಆಗಂಗಿಲ್ರಿ" ಎಂದರು ಅತ್ತೆ.

ಉಪಾಯ ಹೇಳಿದ್ದು ಮೈದುನ. ಇನ್ನು ಮೇಲೆ ಭಜನೆ ನಮ್ಮ ಮನೆಯಲ್ಲೇ ಆಗಲಿ, ಮೈಕಿನ ವಯರು ಉದ್ದವಿದೆ, ವೈನಿ, ಅಂದರೆ ನಾನು, ಒಳಕೋಣೆಯಲ್ಲಿ ಕೂತು ಬಾರಿಸಲಿ, ಬಾಕ್ಸು ಪಡಸಾಲೆಯಲ್ಲಿ ಇರಲಿ. ಅಣ್ಣ ಬಾಕ್ಸಿನ ಪಕ್ಕದಲ್ಲಿ ತನ್ನ ಪೇಟಿ ಇಟ್ಟುಕೊಂಡು ಕೂಡಲಿ. ಪೇಟಿಯ ಮುಂದಿನ ಗುಂಡಿಗಳನ್ನೆಲ್ಲ ಒಳಗೆ ದಬ್ಬಿಟ್ಟರೆ ಗಾಳಿ ಸ್ವರಕ್ಕೆ ಹೋಗುವುದಿಲ್ಲ, ತಿದಿ ಎಷ್ಟು ಎಳೆದರೂ ಅದು ಮೂಕ. "ಕೈ ನೆಟ್ಟಗಾಗೋತನಕ ಅಷ್ಟ" ಎಂದ. ಕೈ ನೆಟ್ಟಗಾಗುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗಂಡ ನನ್ನ ಮುಖ ನೋಡಿದರು. ನಾನು ಆಗಲಿ ಎಂದೆ. ಒಂದು ತಿಂಗಳ ಮಾತು ಎಂದುಕೊಂಡಿದ್ದೆ. ಒಂಬತ್ತು ವರ್ಷ ನಡೆಯಿತು.

ಮೊದಲ ಸೋಮವಾರದ ಫಜೀತಿ ನೆನೆದರೆ ಈಗಲೂ ನಗು ಬರುತ್ತದೆ. ನಮ್ಮದು ವಾಡಿಯ ಮನೆ, ನೆಲ ಫರ್ಸಿ, ಗೋಡೆ ಫರ್ಸಿ, ತಲೆಯ ಮೇಲೂ ಫರ್ಸಿ. ಮೈದುನ ಮೈಕನ್ನು ಬರಿ ಕಲ್ಲಿನ ಮೇಲೆ ನಿಲ್ಲಿಸಿ ಹೋದ. ಪೇಟಿಯಲ್ಲಿ ನಾನು ಒತ್ತಿದ ಒಂದೊಂದು ಮನೆಯೂ, ಅಂದರೆ ಸ್ವರದ ಒಂದೊಂದು ಪಟ್ಟಿಯೂ, ಟಕ್ ಟಕ್ ಎಂದು ಸುತ್ತಿಗೆ ಬಡಿದಂತೆ ಬಾಕ್ಸಿನಲ್ಲಿ ಕೇಳಿತು. ಸಾಲದ್ದಕ್ಕೆ ಪಕ್ಕದ ಅಡುಗೆಮನೆಯಲ್ಲಿ ಅತ್ತೆ ಜೋಳದ ರೊಟ್ಟಿ ಬಡಿಯಲು ಕೂತರು. ಆ ಸದ್ದು ನೆಲ ಹಿಡಿದು ಬಂದು ಮೈಕಿಗೆ ಹತ್ತಿತು. ಪಡಸಾಲೆಯಲ್ಲಿ ಯಾರೋ, "ತಬಲಾ ಯಾರು ತಂದಾರೋ?" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಾಯಿತು. ಸೋಮವಾರ ರೊಟ್ಟಿ ಹಗಲಲ್ಲೇ ಮುಗಿಯಬೇಕು. ಭಜನೆಯ ಹೊತ್ತಿನಲ್ಲಿ ಒಳಕೋಣೆಯಲ್ಲಿ ಯಾರೂ ಮಾತಾಡಬಾರದು, ಕೆಮ್ಮಬಾರದು, ಬಳೆ ಸದ್ದಾಗಬಾರದು. ನಾನು ಬಲಗೈ ಬಳೆ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂಡುತ್ತಿದ್ದೆ.

ಉಳಿದದ್ದನ್ನು ನಾನೇ ಕಲಿತೆ. ಅಪ್ಪ ಕೊಟ್ಟ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಪೇಟಿಯ ಕೆಳಗೆ ಹಾಕಿದೆ, ಮೈಕಿನ ಕಾಲಿಗೆ ಗೋಣಿತಾಟು. ಹಿಂದಿನ ಗೋಡೆಗೆ ಇನ್ನೊಂದು ಕೌದಿ ತೂಗುಹಾಕಿದಾಗ ಕಲ್ಲಿನ ಮರುದನಿ ಸತ್ತಿತು. ಮೈಕು ತಿದಿಯ ಹತ್ತಿರ ಇದ್ದರೆ ಗಾಳಿ ಭುಸ್ ಎನ್ನುತ್ತದೆ, ಸ್ವರದ ಕಡೆ ಒಂದು ಗೇಣು ದೂರ, ಸ್ವಲ್ಪ ಓರೆ ಇಟ್ಟರೆ ಸ್ವರವಷ್ಟೇ ಹೋಗುತ್ತದೆ. ಮೊದಲು ಬಾಕ್ಸಿನ ವಯರು, ಆಮೇಲೆ ಮೈಕಿನದು, ಕೊನೆಗೆ ಕರೆಂಟು. ಒಳಗಿನ ಗಾಜಿನ ಬುರುಡೆಗಳು ಕೆಂಪಾಗುವ ತನಕ ಗುಂಡಿ ಸೊನ್ನೆಯಲ್ಲೇ ಇರಬೇಕು. ಆಮೇಲೆ ನಿಧಾನ ಏರಿಸುತ್ತ ಹೋದರೆ ನಮ್ಮ ಮನೆಗೆ ಸರಿಹೋಗುವುದು ಆರು. ಐದಕ್ಕೆ ತಾಳದಲ್ಲಿ ಮುಳುಗುತ್ತದೆ, ಏಳಕ್ಕೆ ಗುಂಯ್ ಎನ್ನುತ್ತದೆ. ಮೈದುನನಿಗೆ ಇದು ಕೊನೆಗೂ ಒಗ್ಗಲಿಲ್ಲ. ಆಂಪ್ಲಿಫೈಯರು ಒಳಗೆ ನನ್ನ ಪಕ್ಕಕ್ಕೇ ಬಂತು. ಬಾರಿಸುವವಳೂ ನಾನೇ, ಗುಂಡಿ ತಿರುಗಿಸುವವಳೂ ನಾನೇ ಆದೆ.

ಬೇರೆ ಮಂಡಳಿಗಳ ಮೈಕು ಕಿವಿ ಹರಿಯುವಂತೆ ಕಿರುಚುತ್ತಿತ್ತು, ಬಾಕ್ಸಿನ ಎದುರೇ ಮೈಕು ಇಟ್ಟರೆ ಕಿರುಚದೆ ಏನು ಮಾಡೀತು? ನಮ್ಮದು ಬೇರೆ ಕೋಣೆಯಲ್ಲಿದ್ದದ್ದರಿಂದ ಒಂದು ದಿನವೂ ಕಿರುಚಲಿಲ್ಲ. ವಾಡಿಯವರ ಪೇಟಿ ಎಂದರೆ ಹಾಲಿನಂಥ ಸ್ವರ ಎಂದು ಶಹಾಬಾದದ ತನಕ ಹೆಸರಾಯಿತು. ಹೆಸರು ಯಾರಿಗೆ ಬಂತು ಎಂದು ಹೇಳಬೇಕಿಲ್ಲ. ಪಡಸಾಲೆಯಲ್ಲಿ ಹೆಣ್ಣು ಗಂಡು ಎಂಬ ಭೇದ ಶರಣರಿಗಿಲ್ಲ ಎಂದು ಹದಿನೈದು ಮಂದಿ ಕಣ್ಣುಮುಚ್ಚಿ ಹಾಡುತ್ತಿದ್ದರು, ಒಳಕೋಣೆಯ ಬಾಗಿಲ ಪರದೆಯ ಹಿಂದೆ ಕೂತು ನಾನು ಅದಕ್ಕೆ ಸ್ವರ ಕೊಡುತ್ತಿದ್ದೆ. ಹೇಳುವುದು ವಚನ, ತಿನ್ನುವುದು ಬದನೆಕಾಯಿ. ಅವರಲ್ಲಿ ಒಬ್ಬನಿಗೂ ನಾಲಿಗೆ ತಡವರಿಸಲಿಲ್ಲ.

ಒಂದು ಶ್ರಾವಣದಲ್ಲಿ ಚಿತ್ತಾಪುರದಿಂದ ಕರೆ ಬಂತು. ಅಲ್ಲಿಯೂ ವೇದಿಕೆಯ ಪಕ್ಕದ ಉಗ್ರಾಣದಲ್ಲಿ, ಬೇಳೆಯ ಚೀಲಗಳ ನಡುವೆ ಮಂಡಳಿಯವರು ನನ್ನನ್ನು ಗುಟ್ಟಾಗಿ ಕೂಡಿಸಿದರು. ಚೀಲಗಳು ಇದ್ದದ್ದಕ್ಕೆ ಮರುದನಿ ಇರಲಿಲ್ಲ, ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಬಾರಿಸಿದ್ದು ಅದೊಂದೇ ದಿನ. ಮುಗಿದ ಮೇಲೆ ನನ್ನ ಗಂಡನಿಗೆ ಶಾಲು ಹೊದಿಸಿದರು. "ಎರಡು ಬೆರಳ ಹೋದ್ರೂ ಈ ಪರಿ ಬಾರಿಸ್ತಾರಂದ್ರ ಇದು ಪವಾಡ ಅಲ್ಲೇನ್ರಿ?" ಎಂದು ಯಾರೋ ಎದ್ದುನಿಂತು ಕೊಂಡಾಡಿದರು. ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಕೈ ಮುಗಿದು, "ಎಲ್ಲಾ ಶರಣರ ಕೃಪಾ" ಎಂದರು.

ವಾಪಸು ರೈಲಿನಲ್ಲಿ ಆ ಶಾಲನ್ನು ಮಡಿಸಿ ನನ್ನ ತೊಡೆಯ ಮೇಲೆ ಇಟ್ಟರು. "ಇದು ನಿಂದೇ ಅದ" ಎಂದರು ಮೆಲ್ಲಗೆ.

"ಹಂಗಾದ್ರ ಅಲ್ಲೇ ಅನಬೇಕಿತ್ತಲ್ರೀ. ಇಲ್ಲಿ ಯಾರು ಕೇಳ್ತಾರ?"

ಅವರು ಕಿಟಕಿಯ ಹೊರಗೆ ನೋಡಿದರು.

ಮುಂದಿನ ಸೋಮವಾರ ನಾನು ಒಂದು ಪಾಪ ಮಾಡಿದೆ. ಹಾಡು ಏರುತ್ತಿರುವಾಗ ಗುಂಡಿಯನ್ನು ಸೊನ್ನೆಗೆ ತಂದೆ. ಪರದೆಯ ಅಂಚು ಸರಿಸಿ ನೋಡಿದೆ. ಬಾಕ್ಸು ಸುಮ್ಮನಿತ್ತು, ಗಂಡನ ಎಡಗೈ ತಿದಿ ಎಳೆಯುತ್ತಲೇ ಇತ್ತು, ಬಲಗೈಯ ಆ ಮುರುಟಿದ ಬೆರಳುಗಳು ಮೂಕ ಪೇಟಿಯ ಮೇಲೆ ಓಡುತ್ತಲೇ ಇದ್ದವು. ಅವರ ಮುಖದಲ್ಲಿ ಬಂದ ಹೆದರಿಕೆಯನ್ನು ನಾನು ಹೆರಿಗೆಯ ಹೆಂಗಸರ ಮುಖದಲ್ಲೂ ಕಂಡಿಲ್ಲ. ಒಂದು ಸಾಲು ಮುಗಿಯುವುದರೊಳಗೆ ಮತ್ತೆ ಆರಕ್ಕೆ ತಿರುಗಿಸಿದೆ. "ವಯರ್ ಲೂಜ್ ಆಗಿತ್ತು" ಎಂದ ಮೈದುನ. "ಹೌದೌದು, ಲೂಜ್" ಎಂದರು ಎಲ್ಲರೂ. ಹದಿನೈದು ಮಂದಿಗೂ ನಿಜ ಗೊತ್ತು, ಹದಿನೈದು ಮಂದಿಯೂ ಹೌದೆಂದರು. ಆ ದಿನ ನನಗೆ ಗಂಡನ ಮೇಲಿನ ಸಿಟ್ಟು ಇಳಿದು ಅವರೆಲ್ಲರ ಮೇಲೆ ಏರಿತು, ಇನ್ನೂ ಇಳಿದಿಲ್ಲ.

ಆಮೇಲೆ ಅತ್ತೆ ತೀರಿಕೊಂಡರು. ಅವರ ಜೀವ ಇರುವ ತನಕ ಎಂಬ ಮಾತು ಮುಗಿಯಿತಲ್ಲ, ಇನ್ನು ಯಾರಾದರೂ ಹೊರಗೆ ಕರೆದಾರು ಎಂದು ನಾನು ದಡ್ಡಿಯ ಹಾಗೆ ಕಾದೆ. ಯಾರೂ ಕರೆಯಲಿಲ್ಲ. ಅತ್ತೆಯ ಹೆಸರು ಹೇಳಿ ಎಳೆದ ಪರದೆ ಅತ್ತೆ ಹೋದ ಮೇಲೂ ಅಲ್ಲೇ ತೂಗಿತು.

ಗಂಡ ಹೋದದ್ದು ಒಂದು ಭಾನುವಾರ ಬೆಳಗ್ಗೆ. ಎದೆ ಹಿಡಿದುಕೊಂಡು ಹೊರಸಿನ ಮೇಲೆ ಕೂತವರು ಏಳಲಿಲ್ಲ. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕುಳ್ಳಿರಿಸುತ್ತಾರೆ. ವಿಭೂತಿ ಹಚ್ಚಿ, ಹೂ ಏರಿಸಿ ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದರು. ಪ್ರತಿ ಸೋಮವಾರ ಪೇಟಿ ಹಿಡಿದು ಕೂಡುತ್ತಿದ್ದ ಜಾಗ ಅದೇ. ಹೆಂಗಸರು ನನ್ನನ್ನು ಹಿಡಿದುಕೊಂಡು ಒಳಕೋಣೆಗೆ ಕರೆತಂದು ಕೂಡಿಸಿದರು. ಮಣ್ಣು ಮಾಡಲು ಒಯ್ಯುವ ತನಕ ಭಜನೆ ಆಗಬೇಕು. ಮಧ್ಯಾಹ್ನಕ್ಕೆ ಮಂಡಳಿ ಬಂತು.

ಮೈದುನ ಅಳುತ್ತ ಅಳುತ್ತಲೇ ಎಲ್ಲವನ್ನೂ ಜೋಡಿಸಿದ. ಅಣ್ಣನ ಪಕ್ಕಕ್ಕೆ ಬಾಕ್ಸು ಇಟ್ಟ. ಒಳಕೋಣೆ ಹೆಂಗಸರಿಂದ ತುಂಬಿದ್ದರಿಂದ ಆಂಪ್ಲಿಫೈಯರನ್ನು ಹೊಸ್ತಿಲಾಚೆ ಇಟ್ಟುಕೊಂಡ. ಆದರೆ ನನ್ನ ಪೇಟಿಯನ್ನು ಕೌದಿಯ ಮೇಲೆ ಅದರ ಜಾಗದಲ್ಲೇ ಇರಿಸಿ, ಮೈಕನ್ನು ಒಂದು ಗೇಣು ದೂರ ಓರೆಯಾಗಿ ಅದರ ಎದುರು ನಿಲ್ಲಿಸಿ ಹೋದ. ಒಂಬತ್ತು ವರ್ಷದ ರೂಢಿ, ಕೈ ತಾನಾಗಿ ಮಾಡಿತು. ನಾನು ಅದನ್ನು ನೋಡಿದೆ. ನನ್ನ ಮುಂದೆ ಪೇಟಿ ಇಟ್ಟಿದ್ದಾರೆ. ಅಂದರೆ ನಾನು ಬಾರಿಸಲಿ ಎಂದೇ ತಾನೆ? ಇದೊಂದು ದಿನ, ಅವರು ಕಡೆಯ ಸಲ ಕೂತಿರುವಾಗ, ನಾನು ಬಾರಿಸಿ ಕಳಿಸಬೇಕು ಎಂದು ನನ್ನ ಒಳಗೆ ಒಂದು ಬಲ ಬಂತು. ಕಣ್ಣು ಒರೆಸಿಕೊಂಡು ಪೇಟಿಯ ಹತ್ತಿರ ಸರಿದೆ.

ಪರದೆಯ ಆಚೆಯಿಂದ ಮೈದುನ ಕೇಳಿದ, "ವೈನಿ, ಎಷ್ಟಕ್ಕ ಇಡಬೇಕ್ರಿ?"

"ಆರಕ್ಕ ಇಡಪಾ" ಎಂದೆ.

ಅವನು ಆಗಲೇ ಗುಂಡಿ ಏರಿಸಿದ್ದ. ನನ್ನ ಮಾತು ಮೈಕಿಗೆ ಹೋಗಿ ಬಾಕ್ಸಿನಿಂದ ಹೊರಗೆ ಬಿತ್ತು. ಗಂಡನ ಪಕ್ಕದಿಂದ ನನ್ನದೇ ದನಿ ನನಗೆ ಕೇಳಿತು, ದೊಡ್ಡದಾಗಿ, ಅತ್ತು ಒಡೆದ ದನಿ. ಪಡಸಾಲೆ ತುಂಬಿದ ಮಂದಿಗೂ ಕೇಳಿತು. ನಾನು ಬಳೆ ತೆಗೆಯಲು ಕೈ ಹಾಕಿದೆ.

ಆಗ ಹಿರಿಯರು ಹೇಳಿದರು, "ಏ, ಅದನ್ನ ಬಂದ್ ಮಾಡೋ. ಪೇಟಿ ಬಾರಿಸಾವನೇ ಹೋದ ಮ್ಯಾಲ ಪೇಟಿ ಯಾತಕ್ಕ? ಹಂಗೇ ಹೇಳೂಣು."

ಯಾರೊಬ್ಬರೂ ಪರದೆಯ ಕಡೆ ನೋಡಲಿಲ್ಲ. ಮೈದುನ ಗುಂಡಿಯನ್ನು ಸೊನ್ನೆಗೆ ತರದೆ ನೇರವಾಗಿ ಸ್ವಿಚ್ ಒತ್ತಿದ. ಬಾಕ್ಸು ಧಪ್ ಎಂದಿತು.

ಅವರು ಪೇಟಿ ಇಲ್ಲದೆ ಹಾಡಿದರು. ಎರಡನೆಯ ಹಾಡಿಗೇ ಸ್ವರ ಜಾರಿತು, ನಾಲ್ಕನೆಯದರ ಹೊತ್ತಿಗೆ ಪೇಟಿಯ ಲೆಕ್ಕಕ್ಕೆ ಪೂರಾ ಒಂದು ಮನೆ ಕೆಳಗಿಳಿದಿದ್ದರು. ಅದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ತಿಳಿಯುತ್ತಿದ್ದವಳು ನಾನೊಬ್ಬಳೇ, ಪೇಟಿಯ ಮೇಲೆ ಕೈ ಇಟ್ಟುಕೊಂಡು ಒಳಗೆ ಕೂತಿದ್ದೆ. ಒಂಬತ್ತು ವರ್ಷ ಆ ಬಾಕ್ಸಿನಿಂದ ನಾನು ಬಾರಿಸಿದ್ದೆಲ್ಲ ನನ್ನ ಗಂಡನದಾಯಿತು. ನನ್ನದು ಎಂದು ಊರು ಕೇಳಿದ್ದು, ಆರಕ್ಕ ಇಡಪಾ ಎಂಬ ಆ ಒಂದು ಮಾತು.