ತಟ್ಟೆ ಮಿಷನ್ನಿನ ಹಸಿರು ದೀಪ

ಹೋದ ತಿಂಗಳು ನಾನೊಂದು ಸುಳ್ಳು ಬರೆದೆ. (ಈ ಅಂಕಣದಲ್ಲಲ್ಲ, ಗಾಬರಿಯಾಗಬೇಡಿ.) ಒಂದೂವರೆ ಪುಟದ ಸುಳ್ಳು. ಕಾಗುಣಿತ ತಪ್ಪಿಲ್ಲ, ಭಾಷೆ ಅಚ್ಚುಕಟ್ಟು. ಬರೆದು ಮುಗಿಸಿ ಎರಡು ಸಲ ಓದಿ ಖುಷಿಪಟ್ಟೆ ಕೂಡ.

ಬರೆಸಿದವನು ನನ್ನ ಹೆಂಡತಿಯ ತಮ್ಮ ಸತೀಶ. ಕೊಪ್ಪದ ಪಕ್ಕ ಬಾಳಗಡಿಯಲ್ಲಿ ಅವನದೊಂದು ಹಾಳೆ ತಟ್ಟೆ ಮಾಡುವ ಘಟಕವಿದೆ. ನಾಲ್ಕು ಮಿಷನ್, ಆರು ಜನ ಹೆಂಗಸರು. ನೆನೆಸಿದ ಅಡಿಕೆ ಹಾಳೆಯನ್ನು ಕಾದ ಅಚ್ಚಿನ ಮೇಲೆ ಹರಡಿ, ಕಾಲಲ್ಲಿ ಪೆಡಲ್ ಒತ್ತಿದರೆ ಮೇಲಿನ ಅಚ್ಚು ಇಳಿದು ಬರುತ್ತದೆ. ಅದು ಎದ್ದ ಮೇಲೆ ತಟ್ಟೆ ರೆಡಿ. ಯಾವುದೋ ಮದುವೆಯಲ್ಲಿ ನೀವೂ ಅದರಲ್ಲಿ ಉಂಡಿರುತ್ತೀರಿ.

ಆಯುಧಪೂಜೆ ಕಳೆದು ಹದಿನೈದು ದಿನವಾಗಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸರೋಜಾ ಎಂಬ ಕೆಲಸದವಳ ಬಲಗೈ ಅಚ್ಚಿನ ಅಡಿಗೆ ಸಿಕ್ಕಿತು. ಎರಡು ಬೆರಳು ಜಜ್ಜಿಹೋಗಿ ಸುಟ್ಟವು. ಒಂದರ ತುದಿ ಉಳಿಯಲಿಲ್ಲ. ಬೇಗಾರ್ ಎಂಬ ಊರಿನ ಕಡೆಯ ಹೆಂಗಸು, ದಿನಾ ಮೊದಲ ಬಸ್ಸಿಗೆ ಬರುತ್ತಿದ್ದವಳು.

"ಭಾವ, ಲೇಬರ್ ಆಫೀಸಿಗೆ ಒಂದು ವರದಿ ಕೊಡ್ಬೇಕು. ನೀವು ಬರೆಯೋರು, ಚಂದ ಮಾಡಿ ಬರ್ಕೊಡಿ. ಅವಳದ್ದೇ ಅಜಾಗರೂಕತೆ ಅಂತ ಬರ್ಲಿ" ಎಂದ ಸತೀಶ. ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತೇನೆ, ಆದರೆ ಕೆಲಸಕ್ಕೆ ಮಾತ್ರ ಇನ್ನು ಬೇಡ ಎಂದೂ ಹೇಳಿದ. ಅವನು ಕೆಟ್ಟವನಲ್ಲ. ಹೆದರಿದ್ದ, ಅಷ್ಟೇ.

ನಾನು ಬರೆದೆ. ಎಷ್ಟು ಸುಲಭ ನೋಡಿ! ‘ಕೆಲಸದ ವೇಳೆ ಗಮನ ಬೇರೆಡೆ ಇದ್ದ ಕಾರಣ’ ಎಂದು ಒಂದು ಸಾಲು ಬರೆದರೆ ಮುಗಿಯಿತು. ಅವಳ ಗಮನ ಎಲ್ಲಿತ್ತು ಎಂದು ನನಗೇನು ಗೊತ್ತು? ಅವಳನ್ನು ನಾನು ಮಾತಾಡಿಸಿಯೇ ಇರಲಿಲ್ಲ.

ಮರುದಿನ ನನ್ನ ಹೆಂಡತಿಯ ಶಾಲೆಯ ಗೆಳತಿ ವಸುಧಾ ಊಟಕ್ಕೆ ಬಂದಿದ್ದರು. ದೂರದ ಊರಿನ ದೊಡ್ಡ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಇಂಜಿನಿಯರ್ ಆಗಿದ್ದವರು, ನಿವೃತ್ತರಾಗಿ ಈಗ ನರಸಿಂಹರಾಜಪುರದಲ್ಲಿದ್ದಾರೆ. ಅಪಘಾತವಾದರೆ ಯಾಕಾಯಿತು ಎಂದು ಹುಡುಕುವುದೇ ಅವರ ಕೆಲಸವಾಗಿತ್ತಂತೆ. ನಾನು ಹೆಮ್ಮೆಯಿಂದ ನನ್ನ ವರದಿ ತೋರಿಸಿದೆ. (ಬರೆಯುವವರ ಚಪಲ, ಏನು ಮಾಡುವುದು.)

ಅವರು ಓದಿದರು. "ಮಿಷನ್ ನೋಡಿ ಬರ್ದಿದ್ದಾ?"

"ಇಲ್ಲ. ಸತೀಶ ಹೇಳಿದ."

"ಸತೀಶ ಇದ್ರಾ ಅಲ್ಲಿ?"

"ಅವನು ಪೇಟೆಗೆ ಹೋಗಿದ್ದ."

"ಹಂಗಾದ್ರೆ ಕಥೆ ಬರ್ದಿದ್ದೀರಿ. ಚಂದ ಇದೆ" ಎಂದು ಕಾಗದ ಮಡಚಿ ಕೊಟ್ಟರು. ಪಾಯಸ ಬಿಟ್ಟು ನಾನು ಅದನ್ನು ಜೇಬಿಗೆ ಸೇರಿಸಿದೆ.

ಎರಡು ದಿನ ಬಿಟ್ಟು ವಸುಧಾ ಅವರನ್ನು ನಾನೇ ಕರೆದುಕೊಂಡು ಹೋದೆ. ಸತೀಶನಿಗೆ ಇಷ್ಟವಿರಲಿಲ್ಲ. "ನಾನು ಯಾರನ್ನೂ ಹಿಡಿಯೋಕೆ ಬಂದಿಲ್ಲ ಮಾರಾಯ. ನಾಳೆ ಇನ್ನೊಂದು ಕೈ ಹೋಗ್ಬಾರ್ದು, ಅಷ್ಟೆ" ಎಂದರು ವಸುಧಾ. ಸರೋಜಾಳಿಗೂ ಬರಲು ಹೇಳಿ ಕಳಿಸಿದ್ದರು. ಅವಳು ಬ್ಯಾಂಡೇಜ್ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು.

ಮುಂದಿನ ಒಂದೂವರೆ ತಾಸು ನಾನು ಬಾಯಿ ಕಳೆದುಕೊಂಡು ನೋಡಿದೆ. ಅತಿಶಯೋಕ್ತಿಯಲ್ಲ, ನಿಜಕ್ಕೂ.

ಅಪಘಾತವಾದ ಮಿಷನ್ ಘಟಕದ ಕೊನೆಯ ಕೋಣೆಯಲ್ಲಿ ಒಂದೇ ನಿಂತಿತ್ತು, ಉಳಿದ ಮೂರು ಪಕ್ಕದ ಕೋಣೆಯಲ್ಲಿ ಓಡುತ್ತಿದ್ದವು. ವಸುಧಾ ಮೊದಲು ಅದರ ಕರೆಂಟ್ ತೆಗೆಸಿದರು. ಆಮೇಲೆ ಯಾರನ್ನೂ ಏನೂ ಕೇಳಲಿಲ್ಲ. ಸರೋಜಾಳ ಸ್ಟೂಲ್ ಮೇಲೆ ಕೂತರು. ಪೆಡಲ್ ಮೇಲೆ ಕಾಲಿಟ್ಟರು. ಅವಳ ಹಾಗೆ ಹಾಳೆ ಹರಡಿದರು, ಓರೆಯಾದ ಅಂಚನ್ನು ಸರಿ ಮಾಡಿದರು. ಹತ್ತು ಸಲ, ಇಪ್ಪತ್ತು ಸಲ. ಅವಳ ಕಣ್ಣಿಗೆ ಏನೇನು ಕಾಣುತ್ತದೋ ಅದನ್ನೆಲ್ಲ ನೋಡಿದರು.

ಅಚ್ಚಿನ ಎಡಬಲದಲ್ಲಿ ಎರಡು ಸಣ್ಣ ಗಾಜಿನ ಬಿಲ್ಲೆಗಳಿವೆ. ಅದು ಸೆನ್ಸರ್. ನಡುವೆ ಕೈ ಅಡ್ಡ ಬಂದರೆ ಪೆಡಲ್ ಒತ್ತಿದರೂ ಅಚ್ಚು ಇಳಿಯುವುದಿಲ್ಲ. ಸರಿಯಿದ್ದರೆ ಪಕ್ಕದಲ್ಲಿ ಹಸಿರು ದೀಪ ಉರಿಯಬೇಕು. ಈ ಸೆನ್ಸರ್ ಕೆಲಸ ಮಾಡಿದ್ದರೆ ಕೈ ಹೇಗೆ ಸಿಕ್ಕಿತು?

ಮಿಷನ್ ರಿಪೇರಿ ನೋಡುವ ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಬೈಯುತ್ತಾರೆ ಎಂದುಕೊಂಡಿದ್ದನೋ ಏನೋ, ಬಾಗಿಲಲ್ಲೇ ಬೆವರುತ್ತಿದ್ದ. ವಸುಧಾ ಅವನಿಗೆ ಕುರ್ಚಿ ಕೊಡಿಸಿದರು. "ಎಂತ ಆಯ್ತು ಅಂತ ಮೊದ್ಲಿಂದ ಹೇಳಿ" ಎಂದರು.

"ಆಯುಧಪೂಜೆ ಮಾರನೇ ದಿನ ಮಿಷನ್ ಇಳೀಲೇ ಇಲ್ಲ ಮೇಡಂ. ಕರೆಂಟ್ ಜಾಸ್ತಿ ಬಂದು ಸೆನ್ಸರ್ ಹೋಗಿದೆ ಅಂತ ಮಾಡ್ದೆ. ಹೊಸದು ದೂರದಿಂದ ತರಿಸ್ಬೇಕು. ಶೃಂಗೇರಿಯ ಒಂದು ಮದುವೆಗೆ ತಟ್ಟೆ ಕೊಡದಿತ್ತು. ಹೆಂಗಾದ್ರೂ ಓಡಿಸು ಅಂದ್ರು ಸತೀಶಣ್ಣ. ಒಂದು ವೈರ್ ಸುತ್ತಿ ಸೆನ್ಸರ್ ತಪ್ಪಿಸಿ ಕೊಟ್ಟೆ. ಎರಡು ದಿನಕ್ಕೆ ಅಂತ."

"ಹೊಸದು ಬಂತಾ?"

ಅವನು ಸತೀಶನನ್ನು ನೋಡಿದ. ಸತೀಶ ಅವನನ್ನು ನೋಡಿದ. ಮಿಷನ್ ಓಡುತ್ತಿತ್ತಲ್ಲ, ಇಬ್ಬರೂ ಮರೆತಿದ್ದರು. ಓಡುವ ಮಿಷನ್ನಿನ ಬಗ್ಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಹೇಳಿ?

ನಾನಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಕಳ್ಳ ಸಿಕ್ಕಿದನಲ್ಲ! ವಸುಧಾ ನಿಲ್ಲಿಸಲಿಲ್ಲ. ಸೆನ್ಸರ್ ಹಬ್ಬದ ಮಾರನೇ ದಿನವೇ ಯಾಕೆ ಹಾಳಾಗಬೇಕು? ಮೊಬೈಲಿನ ಟಾರ್ಚ್ ಹಾಕಿ ಗಾಜಿಗೆ ಮುಖ ತಂದು ನೋಡಿದರು. ಬೆರಳ ತುದಿಯಿಂದ ಕೆರೆದರು. ಕೆಂಪು ಪುಡಿ ಉದುರಿತು.

ಕುಂಕುಮ.

ಅರಿಶಿನದ ನೀರಲ್ಲಿ ಕಲಸಿ ಇಟ್ಟ ಬೊಟ್ಟು ಗಾಜಿನ ಮೇಲೆ ಒಣಗಿ ಗಟ್ಟಿಯಾಗಿತ್ತು. ಹೊಗೆ, ಹಾಳೆಯ ಧೂಳು ಕೂತು ಅದು ಕಾಣುತ್ತಲೂ ಇರಲಿಲ್ಲ. ವಸುಧಾ ಒದ್ದೆ ಕರ್ಚೀಫಿನಲ್ಲಿ ಎರಡೂ ಗಾಜು ಒರೆಸಿದರು. ಎಲೆಕ್ಟ್ರಿಷಿಯನ್ನಿಗೆ ಹೇಳಿ ವೈರ್ ಬಿಚ್ಚಿಸಿದರು. ಸ್ವಿಚ್ ಹಾಕಿಸಿದರು.

ಹಸಿರು ದೀಪ ಹೊತ್ತಿಕೊಂಡಿತು.

ಸೆನ್ಸರ್ ಹಾಳೇ ಆಗಿರಲಿಲ್ಲ! ಒಬ್ಬ ಹೆಂಗಸಿನ ಬೆರಳು ಹೋಗಿದೆ, ಕೆಲಸ ಹೋಗುತ್ತಿದೆ, ನಾನು ಒಂದೂವರೆ ಪುಟ ಬರೆದಿದ್ದೇನೆ. ಬೇಕಾಗಿದ್ದದ್ದು ಒಂದು ಒದ್ದೆ ಬಟ್ಟೆ.

"ಕುಂಕುಮ ಯಾರು ಇಟ್ಟಿದ್ದು?" ಎಂದು ಸತೀಶ ಜೋರಾಗಿ ಕೇಳಿದ.

"ನಾನೇ" ಎಂದಳು ಸರೋಜಾ ಬಾಗಿಲಿಂದ.

"ನೋಡಿ! ನಾನು ಹೇಳ್ಲಿಲ್ವಾ ಭಾವ?"

ಸುತ್ತಿ ಬಳಸಿ ಕೊನೆಗೂ ಅವಳ ತಲೆಗೇ ಬಂತಲ್ಲ! ಆದರೆ ವಸುಧಾ ಸತೀಶನ ಕಡೆ ತಿರುಗಲೂ ಇಲ್ಲ. ಸ್ಟೂಲಿನಿಂದ ಎದ್ದು ಸರೋಜಾಳನ್ನು ಕೂರಿಸಿದರು. "ಇಷ್ಟು ದೊಡ್ಡ ಮಿಷನ್ ಇತ್ತಲ್ಲ. ಅಲ್ಲೇ ಎಂತಕ್ಕೆ ಇಟ್ರಿ?"

"ನಮ್ಮ ಕೈ ಕಾಯದು ಅದೇ ಅಲ್ವಾ ಅಮ್ಮ? ಅದಕ್ಕೇ ಮೊದ್ಲು ಇಡ್ಬೇಕು ಅಂತ ಕಂಡ್ತು."

ಆ ಘಟಕದಲ್ಲಿ ಸೆನ್ಸರಿನ ಬೆಲೆ ಗೊತ್ತಿದ್ದದ್ದು ಅವಳೊಬ್ಬಳಿಗೆ. ಅದಕ್ಕೇ ಕೈ ಮುಗಿದಿದ್ದಳು. ಗಾಜು ಮುಚ್ಚಬಾರದು ಎಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

"ದೀಪ ಆರಿದ್ದು ಕಂಡಿತ್ತಾ?"

"ಕಂಡಿತ್ತು. ಸತೀಶಣ್ಣಂಗೆ ಹೇಳಿದ್ದೆ. ಹದಿನೈದು ದಿನ ಹುಷಾರಾಗೇ ಇದ್ದೆ ಅಮ್ಮ. ಆದ್ರೆ ಕೈಗೆ ಹಳೇ ಅಭ್ಯಾಸ ಹೋಗ್ಲಿಲ್ಲ. ಹಾಳೆ ಓರೆ ಆಯ್ತು, ಕೈ ತನ್ನಷ್ಟಕ್ಕೇ ಹೋಯ್ತು."

ಅವಳು ಹೇಳಿಯೇ ಇಲ್ಲ ಎಂದು ಸತೀಶ ವಾದಿಸಬಹುದಿತ್ತು, ಸಾಕ್ಷಿ ಯಾರಿದ್ದರು? ಆದರೆ, "ಹೌದು. ಹೇಳಿದ್ಲು. ಆಯ್ತು, ನೋಡ್ತೇನೆ ಅಂದಿದ್ದೆ" ಎಂದ. ಅವತ್ತು ಅವನ ಮೇಲೆ ನನಗೆ ಹುಟ್ಟಿದ ಗೌರವ ಇನ್ನೂ ಕಡಿಮೆಯಾಗಿಲ್ಲ.

ವಸುಧಾ ನೋಟ್‌ಬುಕ್ ತೆಗೆದು ಬರೆಯತೊಡಗಿದರು. ಸರೋಜಾ ಮಾತ್ರ ಕೂತಲ್ಲಿಂದ ತಟ್ಟನೆ ಎದ್ದಳು. ಪಕ್ಕದ ಕೋಣೆಯಲ್ಲಿ ಮಿಷನ್‌ಗಳ ದಡ್ ದಡ್ ಸದ್ದು ಕೇಳುತ್ತಿತ್ತು.

"ಅಮ್ಮ, ಅವತ್ತು ನಾಲ್ಕಕ್ಕೂ ನಾನೇ ಕುಂಕುಮ ಇಟ್ಟಿದ್ದು."

ಎಲೆಕ್ಟ್ರಿಷಿಯನ್ ಕುರ್ಚಿಯಿಂದ ಎದ್ದ. "ಉಳಿದ ಮೂರೂ ಅವತ್ತು ಇಳಿದಿರ್ಲಿಲ್ಲ. ನಾಲ್ಕಕ್ಕೂ ವೈರ್ ಹಾಕಿದ್ದೆ" ಎಂದ, ಕೇಳಿಸದಷ್ಟು ಸಣ್ಣಗೆ.

ಮೇನ್ ಸ್ವಿಚ್ ಕಡೆಗೆ ಮೊದಲು ಓಡಿದ್ದು ಸತೀಶ. ಸದ್ದು ನಿಂತಿತು. ಮೂರು ಮಿಷನ್‌ಗಳ ಮುಂದೆ ಮೂವರು ಹೆಂಗಸರು ಹಾಳೆ ಹಿಡಿದು ಕೂತಿದ್ದರು. ಒಬ್ಬಾಕೆಯ ಕೈ ಇನ್ನೂ ಅಚ್ಚಿನ ಒಳಗಿತ್ತು. "ಎಂತ ಆಯ್ತು, ಕರೆಂಟ್ ಹೋಯ್ತಾ?" ಎಂದು ಕೇಳಿದಳು. ವಸುಧಾ ಗೋಡೆಗೆ ಒರಗಿ ನಿಂತರು. "ಇಷ್ಟು ವರ್ಷ ಇದೇ ಕೆಲಸ ಮಾಡಿದ್ದೇನೆ. ಉಳಿದ ಮಿಷನ್ ಹೇಗಿವೆ ಅಂತ ಇಲ್ಲಿಗೆ ಬಂದ ಕೂಡ್ಲೇ ನಾನು ಕೇಳ್ಬೇಕಿತ್ತು" ಎಂದರು.

ಜೇಬಿನಲ್ಲಿದ್ದ ನನ್ನ ವರದಿ ಅಲ್ಲಿಯೇ ಚಹಾ ಕಾಯಿಸುವ ಒಲೆಗೆ ಹೋಯಿತು. ವಸುಧಾ ಬರೆದದ್ದನ್ನು ಸತೀಶ ಸಹಿ ಹಾಕಿ ಕಳಿಸಿದ. ಅದರಲ್ಲಿ ತಪ್ಪಿತಸ್ಥರು ಎಂದು ಯಾರ ಹೆಸರೂ ಇಲ್ಲ, ಏನೇನು ಆಯಿತು, ಯಾಕೆ ಆಯಿತು ಎಂದು ಮಾತ್ರ ಇದೆ. ಸತೀಶ ತಾನು ‘ನೋಡ್ತೇನೆ’ ಎಂದು ಸುಮ್ಮನಾದದ್ದನ್ನೂ ತಾನೇ ಹೇಳಿ ಬರೆಸಿದ. ಸರೋಜಾ ಈ ಸೋಮವಾರದಿಂದ ಕೆಲಸಕ್ಕೆ ಬರುತ್ತಿದ್ದಾಳೆ. ಗಾಯ ಮಾಯುವ ತನಕ ಅಚ್ಚಿನ ಹತ್ತಿರ ಇಲ್ಲ. ಬೆಳಿಗ್ಗೆ ನಾಲ್ಕೂ ಮಿಷನ್ನಿನ ಗಾಜು ಒರೆಸಿ, ದೀಪ ನೋಡಿ, "ಹೂಂ" ಅನ್ನುತ್ತಾಳೆ. ಆ "ಹೂಂ" ಬರುವ ತನಕ ಸತೀಶ ಕೂಡ ಪೆಡಲ್ ಮುಟ್ಟುವಂತಿಲ್ಲ.

ಅದಿರಲಿ, ನೀವು ಯಾರಿಗೆ "ಆಯ್ತು, ನೋಡ್ತೇನೆ" ಅಂದು ಎಷ್ಟು ದಿನವಾಯಿತು?