ಅಲ್ಲಾಡಿಸಿ ನೋಡಿದ ವಿಮಾನ

ನನ್ನನ್ನು ನೋಡಲು ಬಂದ ಗಂಡು ಬಸ್ಸಿನ ಟಾಪಿನ ಮೇಲೆ ವಿಮಾನ ಹೇರಿಕೊಂಡು ಬಂದಿತ್ತು ಎಂದರೆ ಈಗಿನವರು ನಗುತ್ತಾರೆ. ನಗಲಿ. ಅಂದು ನನಗೆ ನಗು ಬರಲಿಲ್ಲ. ಆ ವಿಮಾನ ನೆಟ್ಟಗೆ ನಡೆದುಕೊಳ್ಳದಿದ್ದರೆ ನನ್ನ ಕೊರಳಿಗೆ ನನ್ನ ಸೋದರಮಾವ ತಾಳಿ ಕಟ್ಟುವುದು ಖಾತ್ರಿಯಾಗಿತ್ತು.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ತಿಪಟೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಹಾಲ್ಕುರಿಕೆ ಹತ್ತಿರದ ನಮ್ಮೂರಿಗೆ ವಾಪಸು ಬಂದಿದ್ದೆ. ಮಾವ ಅವ್ವನ ಕೊನೆಯ ತಮ್ಮ. ಅಜ್ಜಿ ತೀರಿಕೊಂಡಾಗ ಏಳೆಂಟು ವರ್ಷದವನಾಗಿದ್ದ ಅವನನ್ನು ಅವ್ವ ನಮ್ಮ ಮನೆಗೇ ಕರೆತಂದು ಸಾಕಿದ್ದಳು. ನಾನು ಹುಟ್ಟಿದ್ದು ಆಮೇಲೆ. ಅವನ ಹೆಗಲ ಮೇಲೆ ಕೂತು ತೋಟ ಸುತ್ತಿ, ಅವನ ತಟ್ಟೆಗೆ ಕೈ ಹಾಕಿ ಮುದ್ದೆ ಮುರಿದು ತಿಂದು ಬೆಳೆದವಳು ನಾನು. ಒಳ್ಳೆಯವನು, ಮಾತು ಕಡಿಮೆ, ತೋಟದ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ನನಗೆ ಅವನು ಅಣ್ಣನಿದ್ದ ಹಾಗೆ. ಅವನ ಪಕ್ಕ ಹಸೆಮಣೆಯ ಮೇಲೆ ಕೂರುವುದನ್ನು ನೆನೆಯಲೂ ನನ್ನಿಂದಾಗುತ್ತಿರಲಿಲ್ಲ.

ಅವ್ವನಿಗೆ ಇದೆಲ್ಲ ಹೊಳೆಯಲೇ ಇಲ್ಲ. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕುದ್ರಂತೆ. ಮನೇಲೇ ಗಂಡೈತೆ, ಇನ್ನೆಲ್ಲೋಗಿ ನೋಡ್ತೀರಾ?" ಎಂದು ಬಂದವರೆದುರೆಲ್ಲ ಹೇಳುತ್ತಿದ್ದಳು. ಮಾವ ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದ. ನಾಚಿಕೆ ಎಂದು ಎಲ್ಲರೂ ನಗುತ್ತಿದ್ದರು, ನಾನೂ ಹಾಗೇ ತಿಳಿದಿದ್ದೆ. ಹೆತ್ತವಳಂತೆ ಸಾಕಿದ ಅಕ್ಕನ ಮನೆಯಲ್ಲಿ ಅವನ ಮನಸ್ಸು ಮುರಿಯುವ ಮಾತಾಡಲು ನನಗೆ ಬಾಯಿ ಬರಲಿಲ್ಲ. ಮಿಕ್ಕ ವಿಷಯಕ್ಕೆಲ್ಲ ಪಟಪಟ ಮಾತಾಡುವ ನಾನು ಈ ಒಂದಕ್ಕೆ ಎರಡು ವರ್ಷ ಮೂಗಿಯಾಗಿದ್ದೆ.

ಅಷ್ಟರಲ್ಲಿ ಅಮ್ಮಸಂದ್ರದ ಕಡೆಯಿಂದ ಒಂದು ಸಂಬಂಧ ಬಂತು. ಗಂಡಿಗೆ ಅಲ್ಲಿನ ಕಾರ್ಖಾನೆಯಲ್ಲಿ ಮೀಟರು, ಗೇಜು ರಿಪೇರಿ ಮಾಡುವ ಕೆಲಸ. ಅವರು ಒಂದು ಸಲ ಬಂದು ಕಾಫಿ ಕುಡಿದು ಹೋಗಿದ್ದರು. ನನ್ನ ಹತ್ತಿರ ಆಡಿದ್ದು ನಾಲ್ಕೇ ಮಾತು. "ಬಿ.ಎಸ್ಸಿ.ಲಿ ಯಾವ್ಯಾವ ಸಬ್ಜೆಕ್ಟು?" ಎಂದರು. ಹೇಳಿದೆ. "ನಿಮಗೆ ಇಷ್ಟ ಆಗಿದ್ದು ಯಾವುದು?" ಎಂದರು. ಇಷ್ಟ ಯಾವುದು ಎಂದು ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಅವತ್ತೇ ನನ್ನ ಮನಸ್ಸು ಅವರ ಕಡೆ ವಾಲಿತು, ಮುಚ್ಚುಮರೆ ಏನು.

ಅಪ್ಪನಿಗೆ ಅನುಮಾನ ಶುರುವಾಗಿದ್ದು ಆಮೇಲೆ. ಗಂಡಿಗೆ ವಿಮಾನದ ಹುಚ್ಚು, ಬೆಂಗಳೂರಿನಿಂದ ಹಗುರವಾದ ಮರದ ಹಲಗೆ ತಂದು ತಾವೇ ವಿಮಾನ ಕಟ್ಟಿ ರೇಡಿಯೋದಿಂದ ಹಾರಿಸುತ್ತಾರೆ ಎಂದು ಯಾರೋ ಕಿವಿಗೆ ಹಾಕಿದರು. "ಮೂವತ್ತು ವರ್ಸದ ಗಂಡ್ಸು ಆಟದ ಸಾಮಾನು ಮಡಿಕ್ಕೊಂಡವನೆ ಅಂದ್ರೆ ಏನ್ ಹೇಳಾನ? ಅದೇನೈತೋ ತರ್ಲಿ, ಬಿಚ್ಚಿ ತೋರುಸ್ಲಿ. ಒಳಗೇನೈತೆ ಅಂತ ನೋಡ್ದೆ ನಾನು ಯಾವುದ್ನೂ ಒಪ್ಪಾಕಿಲ್ಲ," ಎಂದು ಹೇಳಿ ಕಳಿಸಿದರು. ಸುಗ್ಗಿ ಮುಗಿಯುವುದರೊಳಗೆ ಏನಾದರೊಂದು ಇತ್ಯರ್ಥ ಮಾಡುತ್ತೇನೆ, ಇದು ಆಗದಿದ್ದರೆ ಮನೆಯ ಗಂಡೇ ಸೈ ಎಂದು ಅವ್ವನಿಗೆ ಮಾತು ಕೊಟ್ಟೂ ಬಿಟ್ಟರು.

ಒಂದು ಭಾನುವಾರ ಬೆಳಿಗ್ಗೆ ಅವರು ಬಂದರು. ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಆ ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಾಡಿಕೊಂಡು ಬಂದಿದ್ದರು. ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನು ಟಾಪಿನಿಂದ ಇಳಿಸಿಕೊಂಡು ಬಂದವನು ಮಾವ. ವಿಮಾನ ಹಾರಿಸಲು ಜಾಗ ಬೇಕೆಂದು ರಾಗಿ ಕೊಯ್ದ ಹೊಲದಲ್ಲಿ ಕೂಳೆ ಕಿತ್ತು ಹಸನು ಮಾಡಿಟ್ಟವನೂ ಅವನೇ. ಊರಿಗೆ ಊರೇ ನಮ್ಮ ಅಂಗಳದಲ್ಲಿ ನೆರೆದಿತ್ತು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ. ಅಪ್ಪ ಚಾಪೆ ಹಾಸಿಸಿ, ತಾವು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು.

ವಿಮಾನ ಒಂದು ಮಾರಿಗಿಂತ ಸ್ವಲ್ಪ ಕಡಿಮೆ ಉದ್ದವಿತ್ತು. ರೆಕ್ಕೆಯನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದಿದ್ದರು. ಅದನ್ನು ನೋಡಿಯೇ ಗುಂಪಿನಲ್ಲಿ ಕಿಸಿಕಿಸಿ ನಗು. ಅವರು ತಲೆ ಕೆಡಿಸಿಕೊಳ್ಳಲಿಲ್ಲ. ರಬ್ಬರ್ ತೆಗೆದು, ರೆಕ್ಕೆ ಎತ್ತಿ ಪಕ್ಕಕ್ಕಿಟ್ಟು, ಹೊಟ್ಟೆಯೊಳಗನ್ನು ಅಪ್ಪನ ಕಡೆ ತಿರುಗಿಸಿದರು. ಮೂತಿಯಲ್ಲಿ ಹೆಬ್ಬೆರಳಿನಷ್ಟು ಎಂಜಿನ್. ಅದರಿಂದ ಬರುತ್ತಿದ್ದ ವಾಸನೆಗೆ ಅವ್ವ ಒಳಗಿನಿಂದಲೇ, "ಇದೇನು ಹಳ್ಳೆಣ್ಣೆ ವಾಸ್ನೆ?" ಎಂದಳು. "ಹೌದಮ್ಮ, ಇದರ ಎಣ್ಣೆಗೆ ಹರಳೆಣ್ಣೆ ಬೆರೆಸ್ತೀವಿ, ಎಂಜಿನ್ ಸವೀಬಾರದು ಅಂತ," ಎಂದರು ಅವರು. ಅವ್ವನ ಮುಖ ಒಂಚೂರು ಸಡಿಲಾಯಿತು.

ಆಮೇಲೆ ಒಂದೊಂದೇ ತೋರಿಸುತ್ತ ಹೋದರು. ಸ್ಪಂಜಿನಲ್ಲಿ ಸುತ್ತಿಟ್ಟಿದ್ದ ಸಣ್ಣ ಪೆಟ್ಟಿಗೆಯನ್ನು ಬಿಡಿಸಿ, "ಇದು ಕಿವಿ ಯಜಮಾನ್ರೇ. ನನ್ನ ಕೈಯಲ್ಲಿರೋ ಡಬ್ಬಿ ಹೇಳಿದ್ದನ್ನ ಕೇಳಿಸಿಕೊಳ್ಳುತ್ತೆ," ಎಂದರು.

"ಹಾಡು ಬರಾಕಿಲ್ವಾ?" ಎಂದರು ಅಪ್ಪ.

"ಬರಲ್ಲ. ಇದಕ್ಕೆ ಗೊತ್ತಿರೋದು ಮೂರೇ ಮಾತು." ಬೆಂಕಿಪೊಟ್ಟಣದಂಥ ಮೂರು ಕಪ್ಪು ಡಬ್ಬಿಗಳನ್ನು ಮುಟ್ಟಿ ತೋರಿಸಿದರು. ಅವುಗಳ ಹೆಸರು ಸರ್ವೋ. ಒಂದು ಎಂಜಿನ್ನಿನ ಓಟ ಹೆಚ್ಚುಕಡಿಮೆ ಮಾಡಲಿಕ್ಕೆ, ಒಂದು ಎಡಬಲ ತಿರುಗಿಸಲಿಕ್ಕೆ, ಇನ್ನೊಂದು ಮೇಲೆ ಕೆಳಗೆ ಮಾಡಲಿಕ್ಕೆ. ಒಂದೊಂದರಿಂದಲೂ ಒಂದು ಕಡ್ಡಿ ಹೊರಟಿತ್ತು, ಎರಡು ಬಾಲಕ್ಕೆ, ಒಂದು ಎಂಜಿನ್ನಿಗೆ. ಅವರು ಕೈಯ ಡಬ್ಬಿಯ ಉದ್ದನೆಯ ಏರಿಯಲ್ ಎಳೆದು, ಒಂದು ಸಣ್ಣ ಕೋಲನ್ನು ಬೆರಳಲ್ಲಿ ಸರಿಸಿದರು. ಹೊಟ್ಟೆಯೊಳಗೆ ಝೀ ಎಂದಿತು, ಬಾಲದ ಪಟ್ಟಿ ಮೇಲೆದ್ದಿತು. ಹಿಂದೆ ನಿಂತಿದ್ದವರು ಮುಂದಕ್ಕೆ ನುಗ್ಗಿದರು.

ಅಪ್ಪ ಸುಮ್ಮನೆ ನಂಬುವವರಲ್ಲ. ಹೆಗಲ ಮೇಲಿನ ಟವೆಲ್ ತೆಗೆದು, ಡಬ್ಬಿಗೂ ವಿಮಾನಕ್ಕೂ ನಡುವೆ ಆ ಕಡೆಯಿಂದ ಈ ಕಡೆಗೆ ಎರಡು ಸಲ ಬೀಸಿದರು. ದಾರಗೀರ ಕಟ್ಟಿದ್ದಾರೋ ಎಂದು ಪರೀಕ್ಷೆ. ಟವೆಲ್ಲಿಗೆ ಏನೂ ಸಿಕ್ಕಲಿಲ್ಲ. "ಇನ್ನೊಂದ್ ಕಿತ ಮಾಡಪ್ಪ," ಎಂದರು. ಬಾಲ ಇನ್ನೊಂದು ಸಲ ಎದ್ದಿತು. ಅಪ್ಪನ ಹುಬ್ಬೂ ಎದ್ದಿತು. ನನಗೆ ಹೋದ ಜೀವ ಬಂದ ಹಾಗಾಯಿತು, ಗೆದ್ದೆ ಎಂದುಕೊಂಡೆ.

ಆಗ ಅಪ್ಪ, "ಕೊಡಿಲ್ಲಿ," ಎಂದು ಕೈ ಚಾಚಿ ವಿಮಾನ ಎತ್ತಿಕೊಂಡರು. ಎತ್ತಿಕೊಂಡವರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

ನಮ್ಮ ಸೀಮೆಯವರಿಗೆ ಇದನ್ನು ಹೇಳಬೇಕಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ನಾವು ತೆಂಗಿನಕಾಯಿಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದಾಗ ನೀರಿನ ಸದ್ದಾದರೆ ಇನ್ನೂ ಕಾಯಿ, ಗಟಗಟ ಎಂದರೆ ಕೊಬ್ಬರಿ. ಅಪ್ಪನಿಗೆ ಇದು ಹುಟ್ಟಿನಿಂದ ಬಂದದ್ದು. ಔಷಧಿ ಬಾಟ್ಲಿಯನ್ನೂ ಅಲ್ಲಾಡಿಸುವರು, ಟಾರ್ಚನ್ನೂ ಅಲ್ಲಾಡಿಸುವರು. ಬಿ.ಎಸ್ಸಿ. ಸರ್ಟಿಫಿಕೇಟು ಬಂದಾಗ ಅದರ ಲಕೋಟೆಯನ್ನೂ ಅಲ್ಲಾಡಿಸಿಯೇ ನನ್ನ ಕೈಗೆ ಕೊಟ್ಟಿದ್ದರು.

ವಿಮಾನ ಗಟಗಟ ಎಂದಿತು.

ಅಪ್ಪನ ಮುಖ ಅರಳಿತು. ನೆರೆದವರ ಕಡೆ ತಿರುಗಿ, "ಬುಟ್ಟೈತೆ ಕಣ್ರಪ್ಪ, ಚೆನ್ನಾಗ್ ಬುಟ್ಟೈತೆ," ಎಂದರು. ಚಿಪ್ಪು ಬಿಟ್ಟಿದೆ, ಹದವಾಗಿ ಬಲಿತಿದೆ ಎಂದು ಅರ್ಥ. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಊರವರೂ ತಲೆದೂಗಿದರು.

ವಿಮಾನ ತಂದವರ ಮುಖ ಮಾತ್ರ ಬಿಳಿಚಿಕೊಂಡಿತು. "ಇಲ್ಲ ಯಜಮಾನ್ರೇ. ಇದು ಅಲ್ಲಾಡಬಾರದು," ಎಂದರು. ವಿಮಾನವನ್ನು ಇಸಿದುಕೊಂಡು, ಸ್ಪಂಜನ್ನೆಲ್ಲ ಹೊರಗೆಳೆದು, ಬೋರಲು ಹಾಕಿ ತಟ್ಟಿದರು. ಚಾಪೆಯ ಮೇಲೆ ಜೀರಿಗೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಎರಡು ಸ್ಕ್ರೂ ಉದುರಿದವು. ಮೇಲೆ ಕೆಳಗೆ ಮಾಡುವ ಸರ್ವೋವನ್ನು ಹಿಡಿದಿದ್ದ ಸ್ಕ್ರೂಗಳು ಅವು. ಬೆರಳಲ್ಲಿ ತಳ್ಳಿದರೆ ಡಬ್ಬಿಯೇ ವಾಲುತ್ತಿತ್ತು. ಬಸ್ಸಿನ ಕುಲುಕಾಟಕ್ಕೆ ಕಳಚಿಕೊಂಡು, ಮರದಲ್ಲಿನ ತೂತೂ ಅಗಲವಾಗಿತ್ತು. ತಿರುಪಿ ನೋಡಿದರು, ಕಚ್ಚಲಿಲ್ಲ.

"ಇವತ್ತು ಹಾರಿಸಲ್ಲ," ಎಂದರು.

ಗುಂಪಿನಲ್ಲಿ ಗುಜುಗುಜು. "ಬಾಯಲ್ಲೇ ಇಮಾನ ಬುಟ್ಟ ಕಣ್ಲಾ," ಎಂದ ಯಾರೋ. "ನೆಲದ ಮೇಲೆ ಸರಿಯಾಗೇ ಆಡ್ತಲ್ಲಪ್ಪ, ಒಂದ್ ಸುತ್ತು ಬುಡು," ಎಂದ ಇನ್ನೊಬ್ಬ. ನಿಜ ಹೇಳುತ್ತೇನೆ, ನನಗೂ ಅವರ ಮೇಲೆ ಕೆಟ್ಟ ಕೋಪ ಬಂತು. ಏನು ಸತ್ಯ ಹರಿಶ್ಚಂದ್ರನಾ ಇವನು? ಒಂದು ಸುತ್ತು ಹಾರಿಸಿ ಇಳಿಸಿದ್ದರೆ ಗಂಟೇನು ಹೋಗುತ್ತಿತ್ತು? ಕಿಟಕಿಯ ಸರಳನ್ನು ಕೈ ನೋಯುವಷ್ಟು ಹಿಡಿದುಕೊಂಡಿದ್ದೆ. ಮಾವನ ಕಡೆ ನೋಡಿದೆ. ಅವನು ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ. ಒಳಗೊಳಗೇ ಖುಷಿಪಡುತ್ತಿದ್ದಾನೆ ಎನ್ನಿಸಿ ಅವನ ಮೇಲೂ ಸಿಟ್ಟು ಬಂತು.

ಜನ ಚದುರಿದರು. ಅಪ್ಪ, ಮಾವ, ಅವರು ಮೂವರೂ ಊಟಕ್ಕೆ ಕೂತರು. ಅಪ್ಪ ಮುದ್ದೆ ಮುಗಿಸಿ ಅನ್ನಕ್ಕೆ ಬಂದರು. ನಾನು ಸಾರು ಬಡಿಸುತ್ತಿದ್ದೆ.

"ಅಲ್ಲಾ ಕಣಪ್ಪ, ನಾನು ಅಲ್ಲಾಡುಸ್ದೆ ಇದ್ದಿದ್ರೆ?" ಎಂದರು ಅಪ್ಪ.

"ಹಾರಿಸ್ತಿದ್ದೆ. ಮೇಲೆ ಹೋದಾಗ ಗಾಳಿ ಹೊಡೆತಕ್ಕೆ ಅದು ನನ್ನ ಮಾತು ಕೇಳ್ತಿರಲಿಲ್ಲ. ಬೀಳ್ತಿತ್ತು. ಯಾರ ತಲೆ ಮೇಲೆ ಅಂತ ಹೇಳಕ್ಕಾಗಲ್ಲ. ಹೊರಡೋ ಮುಂಚೆ ನಾನೇ ನೋಡ್ಬೇಕಿತ್ತು, ನೋಡಲಿಲ್ಲ."

"ಅಷ್ಟು ಜನದ ಮುಂದೆ ಒಪ್ಕೊಂಡ್ಯಲ್ಲ, ನಾಚ್ಕೆ ಆಗ್ಲಿಲ್ವಾ?"

"ಆಯ್ತು. ಆದ್ರೆ ಬಿಚ್ಚಿ ತೋರಿಸಿದ ಮೇಲೆ ಇನ್ನೇನು ಮುಚ್ಚಿಡೋದು?"

ಅಪ್ಪ ಮಜ್ಜಿಗೆ ಕುಡಿದು, ಕೈ ತೊಳೆದು ಬಂದು, ಎಲೆಅಡಿಕೆ ತಟ್ಟೆಯನ್ನು ಅವರ ಕಡೆ ಸರಿಸಿದರು. "ಮುಂದಿನ್ ಸಲ ಬರೋವಾಗ ಇಮಾನ ಬ್ಯಾಡ. ನಿಮ್ಮ ಅವ್ವನ್ನ ಕರ್ಕೊಂಡ್ ಬಾ," ಎಂದರು.

ಒಪ್ಪಿಗೆಯನ್ನು ನಮ್ಮ ಕಡೆ ಅದಕ್ಕಿಂತ ಬಿಡಿಸಿ ಯಾರೂ ಹೇಳುವುದಿಲ್ಲ. ಅವ್ವ ನನ್ನ ಮುಖ ನೋಡಿದಳು, ತಮ್ಮನ ಮುಖ ನೋಡಿದಳು, ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಳಗೆ ಹೋದಳು. ನಾನು ಅಡುಗೆಮನೆಗೆ ಹೋಗಿ ನೆಲದ ಮೇಲೇ ಕೂತೆ. ಎರಡು ವರ್ಷದಿಂದ ಎದೆಯ ಮೇಲಿದ್ದ ಒರಳುಕಲ್ಲನ್ನು ಯಾರೋ ಎತ್ತಿ ಆಚೆಗಿಟ್ಟ ಹಾಗಿತ್ತು.

ಪೆಟ್ಟಿಗೆ ಹೊತ್ತುಕೊಂಡು ಹೋಗಿ ಅವರನ್ನು ಬಸ್ಸು ಹತ್ತಿಸಿ ಬಂದವನೂ ಮಾವನೇ. ಸಂಜೆ ನಾನು ಎಮ್ಮೆಗೆ ಕಲಗಚ್ಚು ಇಡುತ್ತಿದ್ದಾಗ ಕೊಟ್ಟಿಗೆಗೆ ಬಂದು ನಿಂತ. ನನಗೆ ಅವನ ಮುಖ ನೋಡಲು ಸಂಕಟ. ಏನಾದರೂ ಸಮಾಧಾನ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಅವನೇ ಬಾಯಿಬಿಟ್ಟ.

"ಸದ್ಯ ಬಚಾವಾದೆ ಕಣೇ," ಎಂದ.

ನಾನು ಬಕೇಟು ಹಿಡಿದುಕೊಂಡೇ, "ಯಾತರಿಂದ ಮಾವ?" ಎಂದೆ.

"ನಿನ್ ಕಿವಿ ಚುಚ್ಚುವಾಗ ನನ್ ತೊಡೆ ಮ್ಯಾಲೆ ಕೂರ್ಸಿದ್ರು. ನನಗಾಗ ಹತ್ತೋ ಹನ್ನೊಂದೋ. ನೀನು ಕಿರುಚ್ಕೊಂಡೆ, ನಾನೂ ನಿನ್ ಜೊತೆ ಅತ್ತೆ. ಅಂತೋಳಿಗೆ ತಾಳಿ ಎಂಗ್ ಕಟ್ಲಿ ಹೇಳು? ಆ ಇಮಾನ ಹಾರಲ್ಲ ಅಂತ ಅವ್ನು ಅಂದಾಗ ನನ್ ಕತೆ ಮುಗೀತು ಅಂತ ಕಣ್ ಮುಚ್ಕೊಂಡ್ಬುಟ್ಟೆ."

"ಮತ್ತೆ ಎರಡು ವರ್ಷ ಯಾಕ್ ಮಾವ ಬಾಯಿ ಬಿಡ್ಲಿಲ್ಲ?"

"ನಾನು ಒಲ್ಲೆ ಅಂದ್ರೆ ನಿನಗೆ ಬೇಜಾರಾಗ್ತದೆ ಅಂದ್ಕೊಂಡೆ. ನಿನಗೆ ಮನಸ್ಸೈತೆ ಅಂತ ತಿಳ್ಕೊಂಡಿದ್ದೆ ಕಣೇ."

ಕಲಗಚ್ಚಿನ ಬಕೇಟು ನನ್ನ ಕೈಯಿಂದ ಜಾರಿತು. ನಾನು ನಗಲು ಶುರುಮಾಡಿದೆ, ಅವನೂ ನಕ್ಕ. ಏನಾಯಿತೋ ಎಂದು ಅವ್ವ ಓಡಿಬಂದು ಬಾಗಿಲಲ್ಲಿ ನಿಂತಳು. ಮಾವ ಖಾಲಿ ಬಕೇಟು ಎತ್ತಿ ಅವಳ ಕೈಗೆ ಕೊಟ್ಟ, ನಮ್ಮಿಬ್ಬರ ನಗು ಮಾತ್ರ ನಿಲ್ಲಲಿಲ್ಲ.